ಬಲಗೈಯ ಕೈಗವಸು

ಬಾಗಿಲು ತೆರೆಯಲೇ ಇಲ್ಲ!

ಯಾಂಟೀನ ಭುಜ ಕೊಟ್ಟು ತಳ್ಳಿದಳು. ಕಾಲಿನಿಂದ ಒದ್ದಳು. ಊಹೂಂ... ರಾತ್ರಿಯೆಲ್ಲ ಸುರಿದ ಹಿಮ ಹೊರಗೆ ಗೋಡೆ ಕಟ್ಟಿಬಿಟ್ಟಿತ್ತು. ಹಾಲೆಂಡಿನ ತನ್ನ ಊರು ಬಿಟ್ಟು, ಸ್ವೀಡನ್ನಿನ ಈ ಕಾಡಂಚಿನ ಕೆಂಪು ಮರದ ಮನೆಗೆ ಅವಳು ಬಂದು ಇನ್ನೂ ವಾರ ತುಂಬಿರಲಿಲ್ಲ.

'ಆಯ್ತಲ್ಲ, ಇನ್ನು ವಸಂತ ಬರುವವರೆಗೆ ಇದೇ ನನ್ನ ಗೂಡು!'

ಅಷ್ಟರಲ್ಲಿ ಹೊರಗೆ ಸರಕ್... ಸರಕ್... ಸಲಿಕೆಯ ಸದ್ದು.

"ಒಳಗಿರೋರು ತಳ್ಳಬೇಡಿ! ನಾನೇ ಎಳೀತೀನಿ!" ಗಂಡಸಿನ ದನಿ.

ಗಾಬರಿಯಲ್ಲಿ ಅವಳಿಗೆ 'ತಳ್ಳಿ' ಎಂಬುದಷ್ಟೇ ತಲೆಗೆ ಹೋಯಿತು. ಅವನು ಎಳೆದ, ಇವಳು ತಳ್ಳಿದಳು. ಬಾಗಿಲು ಹಾರಿ ತೆರೆದುಕೊಂಡಿತು, ಯಾಂಟೀನ ನೇರ ಹೋಗಿ ಅವನ ಎದೆಗೆ ಮುಖ ಕೊಟ್ಟಳು!

ಡೀಸೆಲ್ಲಿನ ವಾಸನೆ, ಸೌದೆ ಹೊಗೆಯ ವಾಸನೆ. ತಲೆಯೆತ್ತಿದರೆ, ಹಿಮ ಅಂಟಿ ಬೆಳ್ಳಗಾದ ರೆಪ್ಪೆಗಳ ಕೆಳಗೆ ನಗು ತಡೆದುಕೊಂಡ ಎರಡು ಕಣ್ಣು.

"ನಾನು ಹಾಲ್ವರ್. ಊರಿನ ರಸ್ತೆಯ ಹಿಮ ತೆಗೆಯೋನು. ನೀವು... ಬಾಗಿಲಿಗಿಂತ ಗಟ್ಟಿ ಇದ್ದೀರಿ."

ಅವಳ ಕಿವಿ ಕೆಂಪಾಯಿತು. "ಕಾಫಿ ಕುಡೀತೀರಾ?" ಎಂದುಬಿಟ್ಟಳು.

"ಅಯ್ಯೋ, ಬೇಡ ಬೇಡ. ನಿಮಗ್ಯಾಕೆ ಸುಮ್ನೆ ತೊಂದರೆ."

"ಸರಿ ಹಾಗಾದ್ರೆ. ತುಂಬಾ ಉಪಕಾರ ಆಯ್ತು."

ಬಾಗಿಲು ಮುಚ್ಚಿದಳು. ಕಿಟಕಿಯಿಂದ ಕದ್ದು ನೋಡಿದರೆ ಅವನು ಮೆಟ್ಟಿಲ ಮೇಲೆ ಇನ್ನೂ ನಿಂತೇ ಇದ್ದ. ಬಲಗೈಯ ಕೈಗವಸು ಆಗಲೇ ಕಳಚಿ ಕಂಕುಳಲ್ಲಿತ್ತು. ಅದನ್ನು ನಿಧಾನವಾಗಿ ಮತ್ತೆ ತೊಟ್ಟುಕೊಂಡು ಟ್ರ್ಯಾಕ್ಟರು ಹತ್ತಿದ.

ಅಂದಿನಿಂದ ಅವಳ ಬೆಳಗುಗಳಿಗೊಂದು ದಾರಿ ಬಿತ್ತು.

ಕತ್ತಲಿರುವಾಗಲೇ ಏಳುವುದು. ಒಲೆಯ ಬೂದಿ ಬಳಿದು ತೆಗೆದು, ಬರ್ಚ್ ಮರದ ತೊಗಟೆ ಸುಲಿದು ಕಿಡಿ ಹಚ್ಚುವುದು. ಮೊದಮೊದಲು ಹೊಗೆಯೆಲ್ಲ ಒಳಗೇ ಸುತ್ತಿ ಕಣ್ಣೀರು ಬರುತ್ತಿತ್ತು. ಅದು ಹೊಗೆಯ ಕಣ್ಣೀರೋ ಬೇರೆಯದೋ, ಕೇಳುವವರು ಯಾರಿದ್ದರು? ಆಮೇಲೆ ಅಂಗಳದ ಪಂಪಿಗೆ ಬಿಸಿನೀರು ಹೊಯ್ದು ಹೆಪ್ಪು ಕರಗಿಸಿ ಬಕೆಟ್ ತುಂಬುವುದು, ಹಕ್ಕಿಗಳಿಗೆ ಕಾಳು ಹಾಕುವುದು, ಕಾಫಿ ಕುದಿಯಲು ಇಡುವುದು.

ಕೊನೆಗೆ, ಮೇಜಿನ ಮೇಲೆ ಎರಡು ಕಪ್ಪು.

ಈ ಮನೆಯನ್ನು ನೋಡಿ ಮೆಚ್ಚಿದ್ದು ಇಬ್ಬರು. ಬಂದವಳು ಒಬ್ಬಳೇ. ಮದುವೆಯಾಗಬೇಕಿದ್ದ ರೂಬೆನ್, ಸಾಮಾನು ಗಾಡಿಗೇರಿಸಿದ ದಿನ "ಆ ಕಾಡು ನನ್ನಿಂದಾಗಲ್ಲ" ಎಂದು ಹಿಂದೆ ಸರಿದಿದ್ದ. "ಬರ್ತೀಯಾ?" ಎಂದು ಅವಳು ಒಮ್ಮೆ ಕೇಳಿದಳು. ಅವನು ಇಲ್ಲ ಎಂದ. ಮತ್ತೆ ಕೇಳಲಿಲ್ಲ. ಬೇಡ ಎಂದವರನ್ನು ಇನ್ನೊಮ್ಮೆ ಕೇಳುವುದು ಅವರಿಗೂ ಮರ್ಯಾದೆಯಲ್ಲ, ನಮಗೂ ಮರ್ಯಾದೆಯಲ್ಲ ಎಂದು ಅವಳ ಅಮ್ಮ ಕಲಿಸಿದ್ದಳು. ಅವರ ಊರೆಲ್ಲ ನಡೆಯುತ್ತಿದ್ದುದು ಹಾಗೆಯೇ.

ಕಿವಿ ಮಾತ್ರ ರಸ್ತೆಯ ಕಡೆ. ದೂರದಲ್ಲಿ ಟ್ರ್ಯಾಕ್ಟರಿನ ಗುಡುಗುಡು ಕೇಳಿದೊಡನೆ ಎದೆಯೂ ಅದೇ ತಾಳ ಹಿಡಿಯುತ್ತಿತ್ತು. ಊರ ರಸ್ತೆಯ ಕೆಲಸ ಮುಗಿಸಿ ಹಾಲ್ವರ್ ಇಳಿದು ಬಂದು, ಯಾರೂ ಹೇಳದಿದ್ದರೂ ಅವಳ ಮೆಟ್ಟಿಲನ್ನು ಕೈಯಾರೆ ಗುಡಿಸುತ್ತಿದ್ದ.

"ಕಾಫಿ?"

"ಛೆ, ಬೇಡ ಬಿಡಿ. ಈಗಷ್ಟೇ ಕುಡಿದೆ."

"ಸರಿ."

ದಿನವೂ ಇದೇ. ದಿನವೂ ಆ ಬಲಗೈಯ ಕೈಗವಸು ಕಳಚುತ್ತಿತ್ತು, ಮತ್ತೆ ಏರುತ್ತಿತ್ತು.

'ನನ್ನ ಒಲೆಯ ಮುಂದೆ ಕೂರಲು ಅಷ್ಟೊಂದು ಬೇಸರವೇ? ಹಾಗಿದ್ದರೆ ಈ ಮೆಟ್ಟಿಲೇಕೆ ಗುಡಿಸುತ್ತೀಯಾ ಮಾರಾಯ?' ಎಂದು ಆ ಎರಡನೇ ಕಪ್ಪನ್ನು ಕೇಳುತ್ತಿದ್ದಳು. ಕಪ್ಪು ಏನು ಹೇಳೀತು? ತಣ್ಣಗಾಗುತ್ತಿತ್ತು.

ಮಾರ್ಚ್ ಕೊನೆಗೆ ಅಕ್ಕ ಫೋನ್ ಮಾಡಿದಳು. "ಅಪ್ಪನ ಬೇಕರಿ ಮೇಲಿನ ಕೋಣೆ ಖಾಲಿಯಾಗಿದೆ ಕಣೇ, ಬಂದ್ಬಿಡು. ಆ ಹಿಮದಲ್ಲಿ ಯಾರಿಗೋಸ್ಕರ ಕೂತಿದೀಯಾ?"

ಯಾರಿಗೋಸ್ಕರ! ಆ ಪ್ರಶ್ನೆ ಮುಳ್ಳಿನಂತೆ ಒಳಗೇ ಮುರಿದು ಉಳಿಯಿತು. ಕಾಡಂಚಿನ ಈ ಮನೆಯನ್ನು ಮಾರುವ ಮಾತೂ ಎದ್ದಿತು, ಕೊಳ್ಳಲು ಒಂದು ಜೋಡಿ ಶನಿವಾರ ಬಂದು ನೋಡುವುದೆಂದಾಯಿತು.

ಮರುದಿನ ಮೆಟ್ಟಿಲ ಮೇಲೆ, ಇದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದುಕೊಂಡಳು.

"ಹಾಲ್ವರ್... ನಾನು ಊರಿಗೆ ವಾಪಸ್ ಹೋಗೋದಾ ಅಂತ ಇದೀನಿ. ಇಲ್ಲೇ ಇರಲಾ?"

ಪೊರಕೆ ನಿಂತಿತು. ಅವನ ಮುಖದ ಬಣ್ಣ ಇಳಿಯಿತು.

"ನನ್ನನ್ನ... ನನ್ನನ್ನ ಕೇಳಿ ಯಾಕೆ ನಿಮ್ಮ ದಾರಿ ಕೆಡಿಸ್ಕೊಳ್ತೀರಿ? ನಿಮಗೆ ಹೇಗೆ ಅನುಕೂಲವೋ ಹಾಗೆ..."

ಕಾಯುವವನ ಹಾಗೆ ನಿಂತ.

"ಸರಿ," ಎಂದಳು. ಬಾಗಿಲು ಮುಚ್ಚಿ, ಎರಡನೇ ಕಪ್ಪಿನ ಕಾಫಿಯನ್ನು ಮತ್ತೆ ಕೆಟಲಿಗೆ ಸುರಿದಳು.

ಆ ಮಧ್ಯಾಹ್ನ, ಕಡ ತಂದಿದ್ದ ಕೊಡಲಿ ಹಿಂದಿರುಗಿಸಲು ಪಕ್ಕದ ತೆಕ್ಲಾಜ್ಜಿಯ ಮನೆಗೆ ಹೋದಳು. ತೆಕ್ಲಾ ಹಾಲ್ವರನ ಚಿಕ್ಕಮ್ಮ. ಎಂಬತ್ತು ದಾಟಿದರೂ ನಾಲಿಗೆಗೆ ಮುಪ್ಪು ಬಂದಿರಲಿಲ್ಲ. ಅಂದು ವಾಫಲ್ ಹಬ್ಬ, ಮನೆಮನೆಯಲ್ಲೂ ವಾಫಲ್ ಎಂಬ ಸಿಹಿ ದೋಸೆ ಹುಯ್ಯುವ ದಿನ. ಬಿಸಿ ಕಾವಲಿಯಿಂದ ತೆಗೆದ ವಾಫಲ್ ಮೇಲೆ ಹಳದಿ ಹಣ್ಣಿನ ಜಾಮ್ ಸುರಿದು, "ತಿಂತೀಯಾ?" ಎಂದಳು ಅಜ್ಜಿ.

"ಹೂಂ ಅಜ್ಜಿ, ಕೊಡಿ."

ಅಜ್ಜಿ ಕಿಸಕ್ಕನೆ ನಕ್ಕಳು. "ನೀನೊಬ್ಬಳೇ ನೋಡು ನನ್ನ ದವಡೆಗೆ ಬಿಡುವು ಕೊಟ್ಟು ಪುಣ್ಯ ಕಟ್ಕೊಳ್ಳೋಳು! ಬೇರೆಯವರನ್ನ ಮೂರ್ ಮೂರು ಸಲ ಗೋಗರೀಬೇಕು, ವಾಫಲ್ ತಣ್ಣಗಾಗಿ ಚಪ್ಪಲಿ ಆಗೋವರೆಗೂ!"

ಯಾಂಟೀನಳ ಬಾಯಿಗೆ ಹೋಗುತ್ತಿದ್ದ ತುಂಡು ಅಲ್ಲೇ ನಿಂತಿತು. "ಮೂರು ಸಲ ಯಾಕಜ್ಜಿ?"

"ಯಾಕೆ ಅಂದ್ರೆ? ಮೊದಲನೇ ಸಲಕ್ಕೇ ಹೂಂ ಅಂದ್ರೆ ಆಸೆಬುರುಕ ಅನ್ನಲ್ವಾ? ಮೊದಲನೇದು ಬಾಯಿಮಾತು. ಎರಡನೇದು ಉಪಚಾರ. ಮೂರನೇದು ಮನಸ್ಸಿಂದ ಕೇಳೋದು. ಒಂದೇ ಸಲ ಕೇಳಿ ಬಿಟ್ಟರೆ, 'ಹೊರಡಪ್ಪ' ಅಂತ ಅರ್ಥ."

ಕೈಯಿಂದ ಚಮಚ ಜಾರಿ ತಟ್ಟೆಗೆ ಬಿತ್ತು.

"ಅಜ್ಜಿ... ನಾನು ಹಾಲ್ವರನ್ನ ಈ ಚಳಿಗಾಲವೆಲ್ಲ ದಿನಾ ಒಂದೊಂದೇ ಸಲ ಕಾಫಿಗೆ ಕೇಳಿದೀನಿ."

"ಏನಂದೆ?!" ಅಜ್ಜಿ ಕುರ್ಚಿಗೆ ಕುಸಿದಳು. "ಅದಕ್ಕೇನಾ ಆ ಮುಂಡೇದು ದಿನಾ ಇಲ್ಲಿಗೆ ಬಂದು, ಮುಖ ಊದಿಸ್ಕೊಂಡು ನನ್ನ ಕಾಫಿ ಕುಡಿದು ಹೋಗೋದು! 'ಅವಳಿಗೆ ನನ್ನ ಕಂಡ್ರೆ ಆಗಲ್ಲ ಚಿಕ್ಕಮ್ಮ, ಆದ್ರೂ ಮೆಟ್ಟಿಲಲ್ಲಿ ಜಾರಿ ಬಿದ್ದಾಳು' ಅಂತಾನೆ."

"ನಮ್ಮೂರಲ್ಲಿ ಬೇಡ ಅಂದ್ರೆ ಬೇಡ ಅಂತಲೇ ಅಜ್ಜಿ... ಮತ್ತೆ ಕೇಳಿದ್ರೆ ಅವಮಾನ ಮಾಡಿದ ಹಾಗೆ."

ಅಜ್ಜಿ ಅವಳ ಕೆನ್ನೆ ಒರೆಸಿದಳು. "ಒಬ್ಬಳು ಕೇಳೋದು ಕಲೀಲಿಲ್ಲ, ಒಬ್ಬ ಒಪ್ಪೋದು ಕಲೀಲಿಲ್ಲ. ತಿನ್ನು, ಚಪ್ಪಲಿ ಆಗ್ತಿದೆ."

ಶನಿವಾರದ ಬೆಳಗು. ಒಲೆ ಉರಿಯಿತು. ಕಾಫಿ ಕುದಿಯಿತು. ಎರಡು ಕಪ್ಪು ಕೂತವು. ಇಂದು ಮೂರು ಸಲ ಕೇಳಬೇಕು! ನಾಚಿಕೆ ಬಿಟ್ಟು ಕೇಳಬೇಕು!

ಆದರೆ... ಕಿಟಕಿಯಾಚೆ ಟಪ ಟಪ ಟಪ. ಸೂರಿನಿಂದ ಹಿಮ ಕರಗಿ ಇಳಿಯುತ್ತಿತ್ತು. ರಸ್ತೆ ಬರಿದೋ ಬರಿದು. ತೆಗೆಯಲು ಹಿಮವೇ ಇಲ್ಲದ ಮೇಲೆ ಟ್ರ್ಯಾಕ್ಟರೇಕೆ ಬಂದೀತು?

ಕಾದಳು. ಸದ್ದಿಲ್ಲ. ಜನರೆಲ್ಲ ವಸಂತಕ್ಕಾಗಿ ಹಾತೊರೆಯುವ ಆ ಊರಿನಲ್ಲಿ ಅವಳೊಬ್ಬಳು, ಒಂದೇ ಒಂದು ಹಿಡಿ ಹಿಮ ಬೀಳಲಿ ದೇವರೇ ಎಂದು ಆಕಾಶ ನೋಡುತ್ತಿದ್ದಳು.

'ನಾನೇ ಹೋಗುತ್ತೇನೆ.' ಕೋಟು ತೊಟ್ಟು, ಕಾಫಿಯ ಕೆಟಲು ಎತ್ತಿಕೊಂಡು ಬಾಗಿಲು ತಳ್ಳಿದಳು.

ಮೆಟ್ಟಿಲ ಮೇಲೆ ಹಾಲ್ವರ್ ನಿಂತಿದ್ದ! ಟ್ರ್ಯಾಕ್ಟರಿಲ್ಲ, ನಡೆದೇ ಬಂದಿದ್ದ, ಮೊಣಕಾಲವರೆಗೆ ಕೆಸರು. ಕೈಯಲ್ಲಿ ಮಾತ್ರ ಸಲಿಕೆ.

"ಹಿಮ ಇಲ್ವಲ್ಲ..." ಎಂದಳು.

"ಗೊತ್ತು," ಎಂದ, ಸಲಿಕೆಯನ್ನು ಬೆನ್ನ ಹಿಂದೆ ಅಡಗಿಸುತ್ತಾ.

ಅವಳು ಉಸಿರೆಳೆದುಕೊಂಡಳು. "ಕಾಫಿ ಕು..."

"ಕುಡೀತೀನಿ!"

ಎಷ್ಟು ಜೋರಾಗಿ ಹೇಳಿದನೆಂದರೆ ಕಾಳು ತಿನ್ನುತ್ತಿದ್ದ ಹಕ್ಕಿಗಳೆಲ್ಲ ಪುರ್ರನೆ ಹಾರಿದವು. ಅವನೇ ಬೆಚ್ಚಿ ಕಿವಿಯವರೆಗೆ ಕೆಂಪಾದ.

"ನಿಮ್ಮೂರಲ್ಲಿ ಒಂದೇ ಸಲ ಕೇಳೋದಂತೆ. ಚಿಕ್ಕಮ್ಮ ಬೈದು ಕಳಿಸಿದ್ಲು. ಆಸೆಬುರುಕ ಅಂದ್ಕೊಂಡ್ರೂ ಪರವಾಗಿಲ್ಲ... ಆಸೆ ಇದೆ."

ಯಾಂಟೀನಳಿಗೆ ನಗು, ಅಳು ಎರಡೂ ಒಟ್ಟಿಗೇ ಬಂದವು. "ನಾನು ಇನ್ನೂ ಎರಡು ಸಲ ಕೇಳೋಕೆ ಸಿದ್ಧವಾಗಿದ್ದೆ!"

"ಹಾಗಾದ್ರೆ ಮೊನ್ನೆ ಕೇಳಿದ್ದನ್ನ ಕೇಳು. ಅವತ್ತು ನೀನು ಇನ್ನೊಮ್ಮೆ ಕೇಳ್ತೀಯಾ ಅಂತ ಮೆಟ್ಟಿಲ ಮೇಲೆ ಎಷ್ಟು ಹೊತ್ತು ನಿಂತಿದ್ದೆ, ಗೊತ್ತಾ?"

ಒಳಗೆ ಬಂದ. ಎರಡೂ ಕೈಗವಸು ಕಳಚಿ, ಒಲೆಯ ಮೇಲಿನ ಹಗ್ಗಕ್ಕೆ ತೂಗುಹಾಕಿದ, ಎಷ್ಟೋ ವರ್ಷದಿಂದ ಅದೇ ಜಾಗವೆಂಬಂತೆ. ಎರಡನೇ ಕಪ್ಪಿನಿಂದ ಮೊದಲ ಬಾರಿಗೆ ಒಬ್ಬರು ಕುಡಿದರು.

"ಇವತ್ತು ಮನೆ ನೋಡೋಕೆ ಯಾರೋ ಬರ್ತಾರಂತೆ, ಚಿಕ್ಕಮ್ಮ ಅಂದ್ಲು..." ಎಂದ ಮೆಲ್ಲಗೆ.

"ಬರಲಿ. ಅವರಿಗೆ ಕಾಫಿ ಒಂದೇ ಸಲ ಕೇಳ್ತೀನಿ."

ಅವನು ನಗುತ್ತಾ ಕೈ ಚಾಚಿದ. ಅವಳು ಬೂದಿ ಮೆತ್ತಿದ ತನ್ನ ಬೆರಳುಗಳನ್ನು ಅದರೊಳಗೆ ಇಟ್ಟಳು.

"ಹಾಲ್ವರ್, ನಾನು ಇಲ್ಲೇ ಇರಲಾ?"

"ಇರು."

"ನಿಜವಾಗ್ಲೂ ಇರಲಾ?"

"ಇರು ಅಂದ್ನಲ್ಲ... ಎಲ್ಲಿ, ಮೂರನೇದು?"

ಯಾಂಟೀನ ಅವನ ಭುಜಕ್ಕೆ ತಲೆಯಿಟ್ಟು ಕಣ್ಣು ಮುಚ್ಚಿದಳು.

"ಅದನ್ನ ನಾಳೆ ಬೆಳಿಗ್ಗೆ ಕೇಳ್ತೀನಿ."