ಬೆಂಚಿನಲ್ಲಿ ಕೂರದೆ ಹೋದವನು

"ಭೂಮಿ, ಗ್ರಾನಿತ್ ಮಾತಾಡ್ತಿದೀನಿ. ಲೆಕ್ಕ ಬರ್ಕೊಳ್ಳಿ."

ಹೆಡ್‌ಫೋನಿನಲ್ಲಿ ಆ ದನಿ ಕೇಳಿದ್ದೇ ತಡ, ಕುರಲಾಯ್ ಬರೆಯಲು ಎತ್ತಿದ್ದ ಪೆನ್ನು ಅಲ್ಲೇ ನಿಂತಿತು. ಅಯ್ಯೋ ದೇವರೇ... ಇವನು ಯೆಲಿಸೇಯ್! ಮುಖ ಕೊಟ್ಟು ಮಾತಾಡದೆ ಹೊರಟುಹೋದ ಅದೇ ಮೇಜರ್!

ಕಜಕ್ ಬಯಲಿನ ಆ ರೇಡಿಯೋ ಕೇಂದ್ರಕ್ಕೆ ಅವಳು ಬದಲಿ ಪಾಳಿಗೆ ಬಂದಿದ್ದಳು. ಮೇಲೆ ಸುತ್ತುತ್ತಿದ್ದುದು ಸೇನೆಯ ಗುಟ್ಟಿನ ಸಂಶೋಧನಾ ನೌಕೆ. ಒಳಗಿದ್ದವರ ಹೆಸರು ಯಾರಿಗೂ ಹೇಳುವಂತಿರಲಿಲ್ಲ; ರೇಡಿಯೋದಲ್ಲಿ ಅವರಿಗೆ 'ಗ್ರಾನಿತ್' ಎಂಬ ಗುಪ್ತನಾಮ ಮಾತ್ರ. ಅವಳಿಗೆ ಹೇಳಿದ್ದು ಇಷ್ಟೇ: ಗಾಳಿ ಸೋರುತ್ತಿದೆ, ಹಿಂದಿರುಗುವ ಯಂತ್ರ ಕೆಟ್ಟಿದೆ, ಒಬ್ಬ ನಿನ್ನೆಯೇ ತೀರಿಕೊಂಡ. ಉಳಿದವನಿಗೆ ಇದೇ ಕೊನೆಯ ಸುತ್ತು. ನೌಕೆ ದಿಗಂತ ದಾಟುವವರೆಗೆ, ಆರು ನಿಮಿಷ ಮಾತ್ರ ಮಾತಿಗೆ ಸಿಗುತ್ತಾನೆ.

ಅವನು ಅಂಕಿ ಹೇಳುತ್ತಾ ಹೋದ. ಅವಳು ಒಂದೊಂದನ್ನೂ ಬರೆದುಕೊಂಡಳು.

ಹೊರಡುವವರು ತಮ್ಮವರ ಜೊತೆ ಒಂದು ಗಳಿಗೆ ಸುಮ್ಮನೆ ಕೂತು ಏಳಬೇಕು, ಅದು ಅಲ್ಲಿಯ ಪದ್ಧತಿ. ಅವನು ಎಲ್ಲಿಗೋ ಹೊರಟಿದ್ದಾನೆಂದು ವಾಸನೆ ಹತ್ತಿ, ಇಪ್ಪತ್ತು ದಿನದ ಹಿಂದೆ ಅವಳು ತನ್ನ ಮನೆ ಮುಂದಿನ ಬೆಂಚಿನಲ್ಲಿ ಅವನಿಗೆ ಜಾಗ ಬಿಟ್ಟು ಕಾದಿದ್ದಳು. ಅವನು ಕೂರಲೇ ಇಲ್ಲ. ಕೆಲಸವಿದೆ ಎಂದು ನಡೆದುಬಿಟ್ಟ. ನಾನು ಇವನಿಗೆ ಯಾರೂ ಅಲ್ಲ ಅಂದುಕೊಂಡು ಅಂದಿನಿಂದ ಒಳಗೊಳಗೇ ಬೆಂದಿದ್ದಳು ಪಾಪ.

ಅಂಕಿ ಮುಗಿದವು. ಸ್ವಂತದ ಮಾತಾಡಿದರೆ ಕೆಲಸ ಹೋಗುತ್ತದೆ, ಜೈಲೂ ಆದೀತು. ಹೋಗಲಿ!

"ಮೇಜರ್... ಅವತ್ತು ಯಾಕೆ ಕೂರಲಿಲ್ಲ?"



"ಕುರಲಾಯ್? ಕೂತಿದ್ರೆ ಎಲ್ಲಿಗೆ ಅಂತ ನೀನು ಕೇಳ್ತಿದ್ದೆ. ಹೇಳಬಾರದು ಅಂತ ಆಜ್ಞೆ. ನಿನ್ ಹತ್ರ ಸುಳ್ಳು ಹೇಳೋಕೆ ನನ್ ಕೈಲಾಗಲ್ಲ ಕಣೆ."

ಕಾವಲಿಗೆಂದು ಅವಳ ಹಿಂದೆ ನಿಂತಿದ್ದ ಕಪ್ತಾನ ಸವೇಲಿಯ ಕೈ ಸಂಪರ್ಕ ಕಡಿಯುವ ಸ್ವಿಚ್ಚಿನ ಮೇಲಿತ್ತು. ಅವನು ಕೈ ತೆಗೆದು ಕಿಟಕಿಯತ್ತ ಹೋದ.

"ನಿಮಗೆ ಬಾಯಿಗೆ ಬಂದಂಗೆ ಶಾಪ ಹಾಕಿದೀನಿ ನಾನು," ಎಂದು ಅತ್ತಳು.

"ಅದೇನೂ ತಟ್ಟಿಲ್ಲ ಬಿಡು. ಇಲ್ಲಿ ಒಂದು ಬೋಲ್ಟು ಸಡಿಲ ಇತ್ತು, ಅಷ್ಟೇ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದಳು.

"ಯೆಲಿಸೇಯ್, ನೀನಂದ್ರೆ ನಂಗೆ ಪ್ರಾಣ."

"ಮೊದಲೇ ಹೇಳೋಕೆ ಏನಾಗಿತ್ತು?"

"ನೀನೇ ಹೇಳ್ಲಿ ಅಂತ ಕಾಯ್ತಿದ್ದೆ."

"ನಾನೂ ಅದನ್ನೇ ಕಾಯ್ತಾ ಕೂತಿದ್ನಲ್ಲೇ... ನೀನು ನನ್ನವಳು, ಕುರಲಾಯ್. ಯಾವತ್ತಿಂದಲೋ."

ಅವಳಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಇನ್ನೊಮ್ಮೆ ಕೇಳುವ ಆಸೆ.

"ಸರಿಯಾಗಿ ಕೇಳಿಸ್ಲಿಲ್ಲ," ಅಂದಳು, "ಇನ್ನೊಂದ್ಸಲ ಹೇಳು."

ಅಷ್ಟರಲ್ಲಿ ನೌಕೆ ದಿಗಂತ ದಾಟಿತ್ತು.