ಬಂದರು, ಹೋದರು

ಪ್ರಹ್ಲಾದನನ್ನು ಕಂಡರೆ ಯಮುನೆಗೆ ಮೈ ಉರಿಯುತ್ತಿತ್ತು. ಗದಗಿನಲ್ಲಿ ಹುಟ್ಟಿ ಪುಣೆಯಲ್ಲಿ ಬೆಳೆದು, ಅವಳು ಟೈಪಿಸ್ಟ್ ಆಗಿದ್ದ ಹತ್ತಿ ವರ್ತಕರ ಆಫೀಸಿಗೆ ಮ್ಯಾನೇಜರಾಗಿ ಬಂದವನು. ಟೆರಿಲಿನ್ ಪ್ಯಾಂಟು, ಕಿಸೆಯಲ್ಲಿ ಬಾಚಣಿಗೆ, ಸುಡು ಬಿಸಿಲಿನಲ್ಲೂ ಬೂಟು. ಆ ಬೂಟಿನ ಸಪ್ಪಳ ಮೆಟ್ಟಿಲ ಮೇಲೆ ಕೇಳಿದೊಡನೆ ಟೈಪ್‌ರೈಟರಿನ ಮೇಲೆ ತನ್ನ ಬೆರಳುಗಳು ಯಾಕೆ ತಪ್ಪುತ್ತವೆ ಎಂದು ಮಾತ್ರ ಅವಳು ಯೋಚಿಸಲು ಹೋಗುತ್ತಿರಲಿಲ್ಲ.

ಸೋಮವಾರ ಲಕ್ಷ್ಮೇಶ್ವರದವರು ಅವಳನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದರೆ ಅಪ್ಪ ಅಲ್ಲೇ ಮಾತು ಕೊಟ್ಟುಬಿಡುತ್ತಾರೆ. ಸುದ್ದಿ ಪ್ರಹ್ಲಾದನ ಕಿವಿಗೂ ಬಿದ್ದಿತ್ತು. ಆದರೂ ತುಟಿ ಬಿಚ್ಚಿರಲಿಲ್ಲ. ಇಂಥವನಿಗೆ ಬಾಚಣಿಗೆಯೊಂದು ಕೇಡು.

ತುಟಿ ಬಿಚ್ಚುವ ಬದಲು ಅವನೊಂದು ಹಲಗೆ ಮಾಡಿಸಿದ. ಅದರಲ್ಲಿ ಎಲ್ಲರ ಹೆಸರು. ಪ್ರತಿ ಹೆಸರಿನ ಮುಂದೆ ‘ಬಂದರು’, ‘ಹೋದರು’ ಎಂಬ ಎರಡು ಮಾತು. ಮೇಲಿನ ತಗಡಿನ ಪಟ್ಟಿ ಸರಿಸಿದರೆ ಒಂದು ಮುಚ್ಚಿ ಇನ್ನೊಂದು ಕಾಣುತ್ತದೆ. ಎರಡರಲ್ಲಿ ಒಂದು, ಮೂರನೆಯ ಮಾತೇ ಇಲ್ಲ ಎಂದು ಅರ್ಧ ತಾಸು ಭಾಷಣ ಮಾಡಿದ. ಯಮುನೆ ಆಕಳಿಸಿದಳು; ಬಾಯಿಗೆ ಸೆರಗು ಅಡ್ಡ ಹಿಡಿಯುವ ಗೋಜಿಗೂ ಹೋಗಲಿಲ್ಲ.

ಶುಕ್ರವಾರ ಗುಮಾಸ್ತ ದೇವೇಂದ್ರಪ್ಪ ಪಟ್ಟಿ ಸರಿಸಿ ಚಹಾಕ್ಕೆ ಹೊರಟ. ಹಿಂದೆಯೇ ಯಳವತ್ತಿಯಿಂದ ಅವನ ಅಕ್ಕ ಗುರುಸಿದ್ದವ್ವ ಬಂದಳು, ಓದು ಬಾರದ ಹೆಂಗಸು. ತಮ್ಮ ಎಲ್ಲಿ ಎಂದು ಕೇಳಿದಳು. ಪ್ರಹ್ಲಾದ ಅವಳ ಮುಖ ಸಹ ನೋಡದೆ ಹಲಗೆಯಲ್ಲಿದ್ದದ್ದನ್ನು ಓದಿದ.

“ದೇವೇಂದ್ರಪ್ಪ ಹೋದರು.”

ಗುರುಸಿದ್ದವ್ವ ಕುಸಿದು ಕೂತು ಎದೆ ಬಡಿದುಕೊಂಡಳು. ಎಲೆಯಡಿಕೆ ಜಗಿಯುತ್ತ ಮರಳಿದ ದೇವೇಂದ್ರಪ್ಪ ಅಕ್ಕನನ್ನು ನೋಡಿ, ಸತ್ತವರು ಯಾರೆಂದು ತಿಳಿಯದೆಯೇ ತಾನೂ ಅಳತೊಡಗಿದ.

ಇಬ್ಬರಿಗೂ ನೀರು ಕುಡಿಸಿ ಮನೆಗೆ ಕಳಿಸಿದ ಮೇಲೆ ಪ್ರಹ್ಲಾದ ಬಿಳಿಚಿಕೊಂಡು ಕೂತಿದ್ದ. ತಾನು ಮಾಡಿದ ತಪ್ಪೇನು ಎಂದು ಮೆಲ್ಲಗೆ ಕೇಳಿದ. ಯಮುನೆ ಹಲಗೆಗೆ ಬಳಿದು ಉಳಿದಿದ್ದ ಬಣ್ಣದ ಡಬ್ಬಿ ತೆಗೆದಳು.

“ಈ ಊರಾಗ ಹೋದರು ಅಂದ್ರ ಹೆಣಾ ಎತ್ತೂದೊಂದೇ ಬಾಕಿ. ಹೊರಗ ಹೊಂಟವರು ಬರ್ತೀನಿ ಅಂತಾರ. ಮನ್ಯಾಗ ನಿಮ್ಮ ತಾಯಿ ಇಷ್ಟೂ ಕಲಿಸಲಿಲ್ಲೇನು?”

‘ಹೋದರು’ ಎಂಬುದರ ಮೇಲೆ ಬಣ್ಣ ಬಳಿದು ‘ಬರುತ್ತಾರೆ’ ಎಂದು ಬರೆಯತೊಡಗಿದಳು. ಬಾಯಿ ಮಾತ್ರ ನಿಲ್ಲಲಿಲ್ಲ. ಅವನು ಮೊಸರನ್ನವನ್ನು ಚಮಚೆಯಿಂದ ತಿನ್ನುವುದು, ಮಾತಿಗೊಮ್ಮೆ ಕಾಲರ್ ಎಳೆದುಕೊಳ್ಳುವುದು, ನಗು ಬಂದರೆ ಕಿಟಕಿಯ ಕಡೆ ತಿರುಗುವುದು, ಒಂದನ್ನೂ ಬಿಡದೆ ಹೀಯಾಳಿಸಿದಳು.

“ಇಷ್ಟು ಬ್ಯಾಡಾದವ ಆದ್ನೇನ್ರಿ ನಾ?”

ಅವಳ ಕೈ ಅಲ್ಲೇ ನಿಂತಿತು.

“ಬ್ಯಾಡಾದವರ ತಪ್ಪು ಯಾರು ಕೂತು ಎಣಸ್ತಾರ್ರಿ?”

ಪ್ರಹ್ಲಾದ ಎದ್ದು ನಿಂತ. ಈ ಸಲ ಕಿಟಕಿಯ ಕಡೆ ತಿರುಗಲಿಲ್ಲ. ಸೋಮವಾರ ಎಂದು ಏನೋ ತೊದಲಿದ.

“ನಾಳೆ ಶನಿವಾರ ಅದ. ಸಂಜೀಕ ಅಪ್ಪ ಮನ್ಯಾಗ ಇರ್ತಾರ,” ಎಂದಳು. “ಇದನ್ನೂ ನಾನೇ ಹೇಳಬೇಕಾತು, ನೋಡ್ರಿ.”

ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಉಕ್ಕಿ ಬರುತ್ತಿದ್ದ ನಗುವನ್ನು ಇಂಥವನಿಗೆ ಅಷ್ಟು ಜಲ್ದಿ ತೋರಿಸುವ ಮನಸ್ಸು ಅವಳಿಗಿರಲಿಲ್ಲ.