ಎರಡು ಬುಟ್ಟಿ, ಒಂದೇ ಪೆಟ್ಟಿಗೆ

“ಅಯ್ಯೋ, ಇದೇನಿದು!”

ಅಜ್ಜ ಅಂಪೇಲಿಯೊ ಮರದ ಪೆಟ್ಟಿಗೆಯನ್ನು ಹಿನ್ನೀರಿನಿಂದ ಮೇಲೆತ್ತಿ, ಮುಚ್ಚಳ ತೆಗೆದು, ಹಾಗೇ ನಿಂತುಬಿಟ್ಟ. ಮೊಮ್ಮಗಳು ನೀವೆಸ್ ಇಣುಕಿದಳು. ಒಳಗೆ ಮುರಿದ ಕಾಲುಗಳು, ಖಾಲಿ ಚಿಪ್ಪುಗಳು. ನಡುವೆ ಗಟ್ಟಿ ಏಡಿಗಳು ಹೊಟ್ಟೆ ತುಂಬಿ ಕೂತಿದ್ದವು.

ಅವಳು ತಟ್ಟನೆ ಹಿಂದೆ ಸರಿದಳು.

ಏಡಿ ಬೆಳೆಯಬೇಕಾದರೆ ಹಳೇ ಚಿಪ್ಪನ್ನು ಕಳಚಲೇಬೇಕು. ಕಳಚಿದ ಮೇಲೆ ಕೆಲವು ಗಂಟೆ ಮೈಯೆಲ್ಲ ಬೆಣ್ಣೆ. ಆಗ ಹಿಡಿದು ಕರಿದರೆ ಬುರಾನೊ ದ್ವೀಪದಲ್ಲಿ ಎಲ್ಲರ ಮನೆಯಲ್ಲೂ ಹಬ್ಬ. ಆದರೆ ಗಟ್ಟಿ ಏಡಿಗಳ ಬಾಯಿಗೆ ಸಿಕ್ಕಿತೋ, ಮುಗಿಯಿತು ಕತೆ! ಅದಕ್ಕೇ ನಾಳೆ ಕಳಚುವವುಗಳಿಗೆ ಒಂದು ಪೆಟ್ಟಿಗೆ, ಇನ್ನೂ ವಾರ ಬೇಕಾದವುಗಳಿಗೆ ಇನ್ನೊಂದು. ಯಾವುದು ಯಾವುದೆಂದು ಹೇಳುವುದೇನು ಹುಡುಗಾಟವಲ್ಲ. ಚಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ತೆಳು ಗೆರೆಯೊಂದು ಕಾಣಬೇಕು. ಅದನ್ನು ಕಾಣುವ ಕಣ್ಣೆಂದರೆ ಊರಲ್ಲಿ ಅಜ್ಜನದೇ.

“ಏನಣ್ಣಾ, ಗಟ್ಟಿ ಯಾವ್ದು, ಮೆತ್ತಂದು ಯಾವ್ದು ಗೊತ್ತಾಗ್ಲಿಲ್ವಾ?” ಪಕ್ಕದ ದೋಣಿಯಿಂದ ಏಡಿ ಹಿಡಿಯುವ ಗೆಳೆಯ ಒರೆಸ್ತೆ ಕೂಗಿದ. “ಇನ್ನು ಏಡಿ ಬಿಡು, ಮನೇಲಿ ಕೂತು ಬಟಾಣಿ ಸುಲಿ!”

ಬೇರೆ ದಿನವಾಗಿದ್ದರೆ ಅಜ್ಜ ಎರಡು ಮಾತು ಹೆಚ್ಚೇ ವಾಪಸ್ ಕೊಡುತ್ತಿದ್ದ. ಇವತ್ತು ತಲೆ ತಗ್ಗಿಸಿದ. “ಹೌದು ಕಣೋ. ಕಣ್ಣು ಹೋಯ್ತು ಅನ್ಸುತ್ತೆ. ನಾಳೆಯಿಂದ ನನ್ನ ಪೆಟ್ಟಿಗೇನೂ ನೀನೇ ನೋಡ್ಕೋ.”

ನೀವೆಸ್ ಬಗ್ಗಿ ಖಾಲಿ ಚಿಪ್ಪುಗಳನ್ನು ಆರಿಸಿ ನೀರಿಗೆ ಎಸೆಯತೊಡಗಿದಳು.

ನಿನ್ನೆ ಸಂಜೆ ಅಜ್ಜ ಏಡಿಗಳನ್ನು ಆರಿಸಿ, ಎರಡು ಬುಟ್ಟಿ ತುಂಬಿ ಕೊಟ್ಟಿದ್ದ. “ಆಯಾ ಪೆಟ್ಟಿಗೇಲಿ ಸುರಿದು ಬಾ ಪುಟ್ಟಿ, ಅಷ್ಟೇ.” ಎರಡನೇ ಪೆಟ್ಟಿಗೆ ಕಟ್ಟೆಯ ಆ ತುದಿಯಲ್ಲಿತ್ತು. ಗೆಳತಿ ಇಲ್ದಾಳ ಬರ್ತ್‌ಡೇ ಪಾರ್ಟಿಗೆ ಆಗಲೇ ಲೇಟಾಗಿತ್ತು. ಒಂದು ರಾತ್ರಿಗೆ ಏನು ಮಹಾ ಆಗುತ್ತೆ ಎಂದುಕೊಂಡು, ಎರಡೂ ಬುಟ್ಟಿಯನ್ನು ಒಂದೇ ಪೆಟ್ಟಿಗೆಗೆ ಸುರಿದು ಓಡಿದ್ದಳು.

ಮಧ್ಯಾಹ್ನ ಅಜ್ಜ ಮೆಕ್ಕೆಜೋಳದ ಪೊಲೆಂಟಾ ಗಂಜಿ ಮುಟ್ಟಲಿಲ್ಲ. ಪೇಪರನ್ನು ಒಮ್ಮೆ ಹತ್ತಿರ, ಒಮ್ಮೆ ದೂರ ಹಿಡಿದು ನೋಡಿದ. ಒಂದು ಕಣ್ಣು ಮುಚ್ಚಿದ. ಆಮೇಲೆ ಇನ್ನೊಂದು. ಎದುರಿಗೆ ಕೂತ ನೀವೆಸ್‌ಗೆ ಅದನ್ನು ನೋಡಲಾಗಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

“ಅಜ್ಜಾ, ನಿನ್ ಕಣ್ಣು ಸರಿ ಇದೆ.”

“ಸಮಾಧಾನ ಹೇಳ್ಬೇಡ, ಪುಟ್ಟಿ.”

“ಸಮಾಧಾನ ಅಲ್ಲ! ನೀನು ಸರಿಯಾಗೇ ಆರಿಸಿದ್ದೆ. ನಾನೇ ಎರಡೂ ಬುಟ್ಟೀನ ಒಂದಕ್ಕೇ ಸುರಿದೆ. ಪಾರ್ಟಿಗೆ ಲೇಟಾಗಿತ್ತು. ಬೆಳಗ್ಗೇನೇ ಹೇಳ್ಬೇಕಿತ್ತು... ಹೇಳ್ಲಿಲ್ಲ.”

ಈಗ ಬೈಗುಳ ಬರುತ್ತದೆಂದು ಕಣ್ಣು ಮುಚ್ಚಿಕೊಂಡಳು. ಬರಲಿಲ್ಲ. ತೆರೆದು ನೋಡಿದರೆ ಅಜ್ಜನ ಮುಖ ಅರಳಿತ್ತು.

“ಹಂಗಾದ್ರೆ... ನಂಗೆ ಕಾಣ್ಸುತ್ತೆ?”

“ಕಾಣ್ಸುತ್ತೆ, ಅಜ್ಜಾ.”

ಅಜ್ಜ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಬೆಳಗಿನಿಂದ ಅವನು ಎಷ್ಟು ಹೆದರಿದ್ದನೆಂದು ನೀವೆಸ್‌ಗೆ ಆಗ ಗೊತ್ತಾಯಿತು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅವಳು ಎದ್ದು ಬೂಟು ಹಾಕಿಕೊಂಡಳು.

“ಊಟ ಬಿಟ್ಟು ಎಲ್ಲಿಗೆ?”

“ಒರೆಸ್ತೆ ಮಾಮನ ಹತ್ರ. ಬಟಾಣಿ ಸುಲೀಬೇಕಾದೋಳು ನಾನು, ನೀನಲ್ಲ ಅಂತ ಹೇಳ್ಬೇಕು.”

ಕಿವಿಯ ಬಿಸಿ ಇನ್ನೂ ಆರಿರಲಿಲ್ಲ. ಆದರೂ ಹೋದಳು.